ನಡುತೊಲೆಯ ಕೆಳಗೆ ಕುರ್ಚಿ ಹಾಕಿಕೊಂಡವರು

ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಸರ್ಕಾರದ ಅನುದಾನ ತರಿಸುವ ಕೆಲಸವನ್ನು ನಮ್ಮ ಭಾಗದಲ್ಲಿ ನೌಕರಿಯೆಂದು ಮಾಡಿದವರು ಹಲವರು. ಹಟ ಹಿಡಿದು ಮಾಡಿದವರು ಶ್ರೀಮತಿ ಸಂಧ್ಯಾರಾಣಿಯವರು. ಚನ್ನಗಿರಿಯಲ್ಲಿ ಕಿರಿಯ ಇಂಜಿನಿಯರಾಗಿ ಸೇವೆಗೆ ಸೇರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ದುಡಿದು, ಈಗ ಜಗಳೂರಿನಲ್ಲಿ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ಬಹುಕಾಲ ಕೆಲಸ ಮಾಡಿದ ನನಗೆ ಈ ಲೇಖನದ ಹೊಣೆ ಬಂದಿದೆ. ಹೊಗಳಿಕೆ ಅವರಿಗೆ ಆಗಿಬರದು. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಚನ್ನಗಿರಿಯಲ್ಲಿದ್ದಾಗ, ಸೂಳೆಕೆರೆ ಬದಿಯ ಹಳೆಯ ಚಾವಡಿಗೆ ಸಿಮೆಂಟು ಮೆತ್ತಿದ ಗುತ್ತಿಗೆದಾರರಿಂದ ಅಷ್ಟನ್ನೂ ಕೀಳಿಸಿ ಸುಣ್ಣದ ಗಾರೆಯಲ್ಲೇ ಮಾಡಿಸಿದರು. ಗುತ್ತಿಗೆದಾರರು ಬೈದುಕೊಂಡೇ ಮಾಡಿದರು, ಚಾವಡಿ ಇಂದಿಗೂ ಗಟ್ಟಿಯಾಗಿದೆ. ನಮ್ಮ ತಂದೆಯವರು ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಲಿನ ತಿರುಗಾಟವನ್ನೆಲ್ಲ ತಾವೇ ಬಸ್ಸು ಹಿಡಿದು ಮುಗಿಸಿದ ಅವರು ಆ ಮಾತನ್ನು ಇದುವರೆಗೆ ಎತ್ತಿಲ್ಲ. ನಾನು ಮರೆತಿಲ್ಲ.

ಹೊನ್ನಾಳಿಯ ದಿನಗಳ ಸಂಗತಿಯೊಂದನ್ನು ಹೇಳಲೇಬೇಕು. ಸಾಸ್ವೆಹಳ್ಳಿಯ ಆಚೆಗಿನ ಪುಟ್ಟ ಊರಿನವರು ತಮ್ಮ ಕಲ್ಲುಮಂಟಪದ ನಡುತೊಲೆ ಬಿರುಕು ಬಿಟ್ಟಿದೆ, ದುರಸ್ತಿಗೆ ಅನುದಾನ ಬೇಕೆಂದು ಅರ್ಜಿ ಹಾಕಿದ್ದರು. ನಾಲ್ಕು ಜನ ಸೇರಿ ಕೂರಲು ಆ ಊರಿಗೆ ಬೇರೆ ಜಾಗವಿರಲಿಲ್ಲ. ತಪಾಸಣೆಗೆ ಮೇಲಧಿಕಾರಿಗಳು ಬರುತ್ತಾರೆಂದು ತಿಳಿದದ್ದೇ ತಡ, ಮರ್ಯಾದೆಗೆ ಕಡಿಮೆಯಾಗಬಾರದೆಂದು ಬಿರುಕಿಗೆ ಸಿಮೆಂಟು ಮೆತ್ತಿ, ಮಂಟಪಕ್ಕೆಲ್ಲ ಹಳದಿ ಬಣ್ಣ ಬಳಿದು, ತೋರಣ ಕಟ್ಟಿ ಕಾಯುತ್ತಿದ್ದರು. ಹುಣ್ಣು ತೋರಿಸಲು ಹೋದವನು ಅದಕ್ಕೆ ಪೌಡರು ಹಚ್ಚಿಕೊಂಡು ವೈದ್ಯರೆದುರು ಕೂತಂತಾಗಿತ್ತು.

ಊರಿನ ಹಿರಿಯರಾದ ತಿಪ್ಪೇಶಪ್ಪನವರು ಕೈಮುಗಿದು, "ನೀವು ಬರ್ತೀರಂತ ಎಲ್ಲಾ ಚಂದ ಮಾಡೀವ್ರೀ" ಎಂದರು. ಮೇಲಧಿಕಾರಿಗಳು ಕತ್ತೆತ್ತಿ ನೋಡಿ, ಕಟ್ಟಡ ಸುಸ್ಥಿತಿಯಲ್ಲಿದೆ, ಅನುದಾನದ ಅಗತ್ಯವಿಲ್ಲ ಎಂದು ಬರೆಯಲು ಪೆನ್ನು ತೆಗೆದರು. ಊರಿನವರ ಮುಖ ಬಾಡಿತು. ಆದರೂ ಬಂದ ಅತಿಥಿಗಳೆದುರು ನಮ್ಮದು ತೇಪೆ ಕೆಲಸ ಎಂದು ಒಪ್ಪಿಕೊಳ್ಳಲು ಯಾರಿಗೂ ಬಾಯಿ ಬರಲಿಲ್ಲ.

ಮೇಲಧಿಕಾರಿಗಳ ಜೊತೆ ಬಂದಿದ್ದ ಸಂಧ್ಯಾರಾಣಿಯವರು ವಾದಿಸಲು ಹೋಗಲಿಲ್ಲ. ಜನರೆಲ್ಲ ಮಂಟಪದ ಎರಡು ಬದಿಗೆ ಒತ್ತೊತ್ತಾಗಿ ನಿಂತು ನಡುವಿನ ಜಾಗವನ್ನು ಖಾಲಿ ಬಿಟ್ಟಿದ್ದನ್ನು ಅವರು ಕಂಡಿದ್ದರು. ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ನಡುತೊಲೆಯ ಕೆಳಗೇ ಹಾಕಿಕೊಂಡು ಕುಳಿತು, ಟೀ ಅಲ್ಲಿಗೇ ಕೊಡಿರೆಂದರು. ಟೀ ಕೊಡಲು ಯಾರೂ ತೊಲೆಯ ಕೆಳಗೆ ಕಾಲಿಡಲಿಲ್ಲ. ಅದುವರೆಗೆ ಬಹುವಚನ ಬಿಟ್ಟು ಮಾತಾಡದಿದ್ದ ಸಾವಂತ್ರಮ್ಮ ಎಂಬ ಹಿರಿಯಾಕೆ ಲೋಟ ಕೆಳಗಿಟ್ಟು, ಬಂದು ಸಂಧ್ಯಾರಾಣಿಯವರ ರಟ್ಟೆ ಹಿಡಿದೆಳೆದರು.

"ಏಳವ್ವ ಅಲ್ಲಿಂದ. ತೊಲೆ ಬೀಳೋ ಹಂಗೈತೆ. ದುಡ್ಡು ಬರದಿದ್ರೆ ಹೋಗ್ಲಿ, ನೀ ಏಳು."

ಪೆನ್ನು ನಿಂತಿತು. ಸಿಮೆಂಟು ಕೆರೆಸಿದಾಗ ಬೆರಳು ಹೋಗುವಷ್ಟು ಬಿರುಕು ಕಂಡಿತು. ಅನುದಾನ ಮಂಜೂರಾಯಿತು, ಆದರೆ ಬಣ್ಣವನ್ನು ಊರಿನವರೇ ಕಲ್ಲಿಗೆ ನೋವಾಗದಂತೆ ತೆಗೆಯಬೇಕೆಂದು ಸಂಧ್ಯಾರಾಣಿಯವರು ಪಟ್ಟು ಹಿಡಿದರು. ಬಳಿಯಲು ಒಂದು ಬೆಳಿಗ್ಗೆ ಸಾಕಾಗಿತ್ತು, ತೆಗೆಯಲು ಇಡೀ ಬೇಸಿಗೆ ಬೇಕಾಯಿತು. ಹೆದರಿಕೆಯಾಗಲಿಲ್ಲವೇ ಎಂದು ಆ ದಿನ ಜೀಪಿನಲ್ಲಿ ನಾನು ಕೇಳಿದ್ದಕ್ಕೆ, ಅಜ್ಜಿ ಇನ್ನಷ್ಟು ತಡಮಾಡಿದ್ದರೆ ತಾವೇ ಎದ್ದು ಓಡುತ್ತಿದ್ದುದಾಗಿ ಹೇಳಿದರು. ಅದು ಜಾಣತನವೋ ಹುಂಬತನವೋ ನಾನಿನ್ನೂ ತೀರ್ಮಾನಿಸಿಲ್ಲ.

ಮುಂದೆ ನ್ಯಾಮತಿಯಲ್ಲಿ, ಸವಳಂಗದ ಸುತ್ತಲಿನ ಊರುಗಳಲ್ಲಿ ತಪಾಸಣೆಗೆ ಮುನ್ನ ಅವರು ಸಾರಿಸುತ್ತಿದ್ದ ಮಾತು ಒಂದೇ: ಇದ್ದದ್ದನ್ನು ಇದ್ದಂತೆ ಬಿಡಿ.

ಅಭಿನಂದನ ಸಮಾರಂಭ ಅದೇ ಮಂಟಪದಲ್ಲಿ ನಡೆಯಲಿದೆ. ಬಣ್ಣ ಬಳಿಯಲೇ ಎಂದು ತಿಪ್ಪೇಶಪ್ಪನವರು ನಗುತ್ತಲೇ ಕೇಳಿ ಕಳಿಸಿದ್ದಾರೆ. ಸಂಧ್ಯಾರಾಣಿಯವರಿಗೆ ದೀರ್ಘಾಯುಸ್ಸು ಲಭಿಸಲಿ. ಜಗಳೂರು ಸೀಮೆಯಲ್ಲಿ ಅವರ ಕಣ್ಣಿಗೆ ಬೀಳಬೇಕಾದ ಗೋಡೆಗಳು ಇನ್ನೂ ಬೇಕಾದಷ್ಟಿವೆ. ಸಮಾರಂಭದಲ್ಲಿ ಅವರ ಕುರ್ಚಿ ಎಲ್ಲಿ ಹಾಕಬೇಕೆಂಬುದನ್ನು ಮಾತ್ರ ಸಾವಂತ್ರಮ್ಮನವರು ಯಾರನ್ನೂ ಕೇಳದೆ ಗೊತ್ತುಮಾಡಿದ್ದಾರೆ. ನಡುತೊಲೆಯ ಕೆಳಗೆ, ಪಕ್ಕದಲ್ಲಿ ತಮ್ಮದೂ ಒಂದು.