ಸವಡಿಯವರು ಚಲೋ ಅಂದ ಹುಡುಗ

ನಮ್ಮ ಚಿಗವ್ವ ರಾಜೇಶ್ವರಿಗೆ ಸಿಟ್ಟೂ ಮೂಗಿನಲ್ಲೇ, ಬುದ್ಧಿಯೂ ಮೂಗಿನಲ್ಲೇ. ಗಜೇಂದ್ರಗಡದ ಮನೆಯ ಹಿಂದಿನ ಕೋಣೆಯಲ್ಲಿ ಶೇಂಗಾ ಒಂದಿಷ್ಟು ಹೊತ್ತಿದರೂ ಅಂಗಳದಿಂದಲೇ ಅವಳ ಬೈಗುಳ ಶುರು. ತೀರಿಹೋದ ನಮ್ಮಜ್ಜಿ ಕುಟ್ಟುತ್ತಿದ್ದ ಚಟ್ನಿ ಪುಡಿಯನ್ನೇ ಅವಳು ಕವರಿಗೆ ತುಂಬಿ ಮಾರುತ್ತಾಳೆ. ಕವರಿನ ಮೇಲೆ ಅಜ್ಜಿಯ ಹೆಸರು: ‘ಮುದುಕವ್ವನ ಚಟ್ನಿ’. ಆ ಹೆಸರಿಗೆ ಯಾರಾದರೂ ಒಂದು ಮಾತು ಅಂದರೆ ಅವತ್ತು ಚಿಗವ್ವ ಊಟ ಮಾಡುವುದಿಲ್ಲ.

ರೋಣ, ನರೇಗಲ್, ಹೊಳೆಆಲೂರಿನ ಅಂಗಡಿಗಳನ್ನು ತಿರುಗಲು ಅರ್ಧ ದಿನದ ಮಾರ್ಕೆಟಿಂಗ್ ಹುಡುಗನೊಬ್ಬ ಬೇಕಿತ್ತು. ಸವಡಿಯ ಅನಿಲಕುಮಾರ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಹೆಲ್ಮೆಟ್ಟು. ಚಹಾ ಕೊಟ್ಟು ಚಿಗವ್ವ ಕೇಳಿದಳು.

“ಮೊದ್ಲ ಎಲ್ಲಿದ್ದೆಪಾ?”

“ನಮ್ಮೂರಾಗ ಉಪ್ಪಿನಕಾಯಿಯವ್ರ ಕಡೆರಿ.”

“ಯಾಕ ಬಿಟ್ಟಿ?”

“ನಾ ಬಿಡ್ಲಿಲ್ರಿ. ಅವ್ರ ಬಂದ್ ಮಾಡಿದ್ರು.”

“ಅದಕ್ಕಿಂತ ಮೊದ್ಲ?”

“ಹಪ್ಪಳದವ್ರ ಕಡೆರಿ. ಅವ್ರೂ ಬಂದ್ ಮಾಡಿದ್ರು.” ಹೇಳಿ ನಕ್ಕ.

ಶೇಂಗಾ ಹಸನು ಮಾಡುತ್ತಿದ್ದ ಸಕ್ಕೂಬಾಯಿ ತಲೆ ಎತ್ತಿದಳು. “ಅಕ್ಕಾರ, ಇಂವ ಹೋದಲ್ಲೆಲ್ಲಾ ಬಾಗ್ಲಕ್ಕ ಕೀಲಿ ಬೀಳತೈತಲ್ರಿ!”

“ನೀ ಸುಮ್ನ ಹಸನ ಮಾಡ.”

ಆದರೂ ಚಿಗವ್ವನಿಗೆ ಸಮಾಧಾನವಿಲ್ಲ. ಮರುದಿನವೇ ಸವಡಿಗೆ ಹೋಗಿ ವಿಚಾರಿಸಲು ಹೊರಟಳು. ತಾನು ಇಳಕಲ್ ಸೀರೆ ಉಟ್ಟಳು, ನನಗೂ ಚಲೋ ಚೂಡಿದಾರ ಹಾಕಿಸಿದಳು.

ಸವಡಿಯಲ್ಲಿ ಹಿಟ್ಟಿನ ಗಿರಣಿಯ ರೇಣುಕವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ, “ಹುಡುಗ ಚಲೋರಿ. ಕುಡಿಯೂದಿಲ್ಲ, ಸೇದೂದಿಲ್ಲ. ಮನಿತನ ದೊಡ್ಡದು” ಅಂದಳು.

“ಕೈ ಕೆಲಸ ಹ್ಯಾಂಗ್ರಿ?”

ರೇಣುಕವ್ವ ಗಿರಣಿಯ ಕಡೆ ಮುಖ ತಿರುಗಿಸಿದಳು. “ಏನಾರ ಒಂದ್ ಮಾಡ್ತಾನ ಬಿಡ್ರಿ.”

ಎದುರು ಮನೆಯ ಮಾನವ್ವನೂ ಅದನ್ನೇ ಹೇಳಿದಳು. ಚಹಾದಂಗಡಿಯ ಇಮಾಮಸಾಬನೂ ಅದನ್ನೇ ಹೇಳಿದ. ಹೊರಡುವಾಗ ರೇಣುಕವ್ವ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಅವಳ ಬೆರಳು ನನ್ನ ಹಣೆಯ ಮೇಲೆ ಒಂದು ಕ್ಷಣ ಹಾಗೇ ನಿಂತಿತು.

ಅನಿಲಕುಮಾರನಿಗೆ ಕೆಲಸ ಸಿಕ್ಕಿತು. ಚಿಗವ್ವ ಕೈಚೀಲದ ತುಂಬ ಪಾಕೀಟು ಕೊಟ್ಟಳು. ಅವನು ಬಾಗಿಲಲ್ಲೇ ನಿಂತ.

“ಖಾಲಿ ಕವರ್ರೂ ಒಂದ್ ಕಟ್ಟು ಕೊಡ್ರಿ ಅಕ್ಕಾರ. ಅಂಗಡಿಯವ್ರಿಗೆ ತೋರಸಾಕ.”

ಕೊಟ್ಟಳು.

ಮುಂದಿನ ವಾರ ಸಂತೆಯಲ್ಲಿ ರೇಣುಕವ್ವ ಎದುರಾದಳು. “ಲಗ್ನ ಯಾವಾಗ್ರಿ?”

“ಯಾರ್ದು?”

“ಈ ಹುಡುಗೀದು, ನಮ್ಮ ಅನಿಲನ ಜೋಡಿ!”

“ಅಯ್ಯ, ಅವನ್ನ ಚಟ್ನಿ ಮಾರಾಕ ಇಟ್ಕೊಂಡೀನ್ರಿ!”

ರೇಣುಕವ್ವನ ಮುಖ ಬಿಳುಚಿತು. “ಯವ್ವಾ! ಕೂಡೂ ಲಗ್ನ ನಾವ್ಯಾಕ ಮುರೀಬೇಕಂತ ಊರಾಗ ಎಲ್ಲಾರೂ ಬಾಯಿ ಮುಚ್ಕೊಂಡ್ವಿ. ಕೆಲಸಕ್ಕಂತ ಮೊದ್ಲ ಹೇಳಬಾರದೇನ್ರಿ? ಉಪ್ಪಿನಕಾಯಿಯವ್ರ ಚೀಟಿ ಹಚ್ಚಿ ಎಲ್ಲೆಲ್ಲಿದೋ ಕೆಟ್ಟ ಮಾಲು ಮಾರ್ಯಾನ್ರಿ ಇಂವ. ತಿಂದವ್ರು ದವಾಖಾನಿ ಸೇರಿದ್ರು.”

ಚಿಗವ್ವ ಅಲ್ಲೇ ಫೋನು ಹಚ್ಚಿದಳು.

“ಚಿಂತಿ ಬ್ಯಾಡ್ರಿ ಅಕ್ಕಾರ,” ಅವನ ದನಿ ನಗುತ್ತಿತ್ತು. “ಹೊಳೆಆಲೂರಾಗ ಎರಡು ಮೂಟಿ ಇಳಿಸೀನಿ.”

“ನಾ ನಿನಗ ಮೂಟಿ ಎಲ್ಲಿ ಕೊಟ್ಟೀನೋ?”

ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಹೊಳೆಆಲೂರಿನಲ್ಲಿ ಸಲಾವುದ್ದೀನನ ಅಂಗಡಿಯ ತುಂಬ ನಮ್ಮಜ್ಜಿಯ ಹೆಸರು ಸಾಲಾಗಿ ನಿಂತಿತ್ತು. ಚಿಗವ್ವ ಒಂದು ಕವರು ಹರಿದು ಮೂಗಿಗೆ ಹಿಡಿದಳು. ಬೂಸ್ಟು ಹಿಡಿದ ಶೇಂಗಾದ ಕಮಟು ನನಗೂ ಹೊಡೆಯಿತು.

“ಎಲ್ಲಾ ಕೆಳಗ ಇಳಸ್ರಿ. ಇದು ನಂದಲ್ಲ.”

“ಹೆಸರು ನಿಮ್ದ ಐತಲ್ರಿ ಅಕ್ಕಾ?”

“ಹೆಸರಷ್ಟ ನಂದು.”

ಸಲಾವುದ್ದೀನ ತಲೆ ಕೆರೆದುಕೊಂಡ. “ಒಂದು ಮೂಟಿ ಮುಂಜಾನಿ ಹಾಸ್ಟೆಲ್ಲಿನವ್ರು ಒಯ್ದಾರ್ರಿ. ಹುಡುಗೂರ ಊಟಕ್ಕ.”

ಚಿಗವ್ವ ಸೆರಗು ಸಿಕ್ಕಿಸಿ ಓಡಿದಳು. ಹಾಸ್ಟೆಲ್ಲಿನ ಗೇಟಿನಲ್ಲೇ ತಾಟುಗಳ ಸದ್ದು ಕೇಳುತ್ತಿತ್ತು. ಬೇರೆಯವರ ಮನೆಯ ಹೊಸ್ತಿಲನ್ನು ಚಪ್ಪಲಿ ಮೆಟ್ಟಿ ಎಂದೂ ದಾಟದವಳು ಅವತ್ತು ಚಪ್ಪಲಿ ಕಾಲಲ್ಲೇ ಊಟದ ಕೋಣೆಗೆ ನುಗ್ಗಿದಳು. ಮೊದಲ ಸಾಲಿನ ಹುಡುಗರು ಆಗಲೇ ರೊಟ್ಟಿ ಮುರಿದು ಅದ್ದುತ್ತಿದ್ದರು. ಕೆಲವರ ಬಾಯಿ ಆಡುತ್ತಿತ್ತು.

“ಯಾರೂ ಉಣಬ್ಯಾಡ್ರಿ!” ಚಿಗವ್ವನ ದನಿ ಒಡೆಯಿತು. “ಮುದುಕವ್ವನ ಚಟ್ನಿ ಮುಟ್ಟಬ್ಯಾಡ್ರಿ! ಉಗುಳ್ರಿ, ಉಗುಳ್ರಿ!”