ಮೊದಲು ಊಟ, ಆಮೇಲೆ ಸುದ್ದಿ

ನನ್ನ ಇಂಗ್ಲಿಷ್ ನೋಟುಬುಕ್ಕಿನ ಒಂದು ಪುಟದಲ್ಲಿ ಮೂವತ್ತೇಳು ಜೋಡಿಪದಗಳಿವೆ. ಮೂವತ್ತಾರರ ಎದುರು ನನ್ನದೇ ಒಂದೊಂದು ವಾಕ್ಯವಿದೆ. ಒಂದರ ಎದುರು ಬಹಳ ದಿನ ಏನೂ ಇರಲಿಲ್ಲ. ಲೆಕ್ಕ ಇಡುವುದು ನನ್ನ ಹುಟ್ಟುಗುಣ. ದಿನಚರಿಯ ಪುಟದ ನೆತ್ತಿಯ ಮೇಲೆ ತಾರೀಖು, ವಾರ, ಅಂದು ಕುಡಿದ ಚಹಾದ ಸಂಖ್ಯೆ ಇಷ್ಟನ್ನೂ ಬರೆಯದಿದ್ದರೆ ಸೂರ್ಯ ಮುಳುಗಿದರೂ ನನ್ನ ಪಾಲಿಗೆ ದಿನ ಮುಗಿಯುವುದಿಲ್ಲ. ಇಂಥವಳ ಪುಟದಲ್ಲಿ ಒಂದು ಖಾಲಿ ಖಾನೆ ಎಂದರೆ ಹಲ್ಲು ಬಿದ್ದ ಜಾಗವಿದ್ದಂತೆ, ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಪದಗಳನ್ನು ಕೊಟ್ಟವರು ಸಿಂದಗಿಯಲ್ಲಿ ನಾನು ನೌಕರಿ ಪರೀಕ್ಷೆಗೆಂದು ಹೋಗುವ ಕ್ಲಾಸಿನ ಸರ್. ಅಪಾಯವೋ ಹಾನಿಯೋ ನೋವೋ ಕಡಿಮೆಯಾಯಿತು ಎನ್ನಲು ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ರೆಡ್ಯೂಸ್' ಎಂದು ಬರೆದರೆ ಅಂಕ ಏರುವುದಿಲ್ಲವಂತೆ. ರಿಸ್ಕ್ ಜೊತೆಗೆ 'ಮಿಟಿಗೇಟ್', ಡಿಸಾಸ್ಟರ್ ಜೊತೆಗೆ 'ಅವರ್ಟ್', ನೋವಿನ ಜೊತೆಗೆ 'ಅಲೀವಿಯೇಟ್' ಬರಬೇಕು. "ಎತ್ತಿನ ಜೋಡಿ ಇದ್ದಂಗ ಇವು. ಇದರ ಜೋಡಿ ತಂದು ಅದಕ್ಕ ಹೂಡಿದ್ರ ಗಾಡಿ ಸೀದಾ ಗಟಾರಕ್ಕ!" ಎಂದು ಸರ್ ಎಚ್ಚರಿಸಿದ್ದರು. ನಾನು ವಿಧೇಯಳಾಗಿ ಹೂಡುತ್ತ ಹೋದೆ. ಕೆಟ್ಟ ಸುದ್ದಿಯ ಪೆಟ್ಟನ್ನು ಮೆತ್ತಗೆ ಮಾಡುವುದಕ್ಕೆ ಇಂಗ್ಲಿಷಿನವರು ಹೇಳುವ 'ಸಾಫನ್ ದಿ ಬ್ಲೋ' ಬಂದಾಗ ಮಾತ್ರ ಪೆನ್ನು ನಿಂತಿತು. ಅದನ್ನು ಓದಿದಾಗಲೆಲ್ಲ ನನ್ನ ಅಜ್ಜ, ಅಂದರೆ ನಮ್ಮ ಮುತ್ಯಾ, ಪುಟದ ಅಂಚಿನಲ್ಲಿ ಬಂದು ಕೂರುತ್ತಿದ್ದ.

ಮನೆಮನೆಗೂ ಫೋನು ಇಲ್ಲದ ಕಾಲದಲ್ಲಿ ನಮ್ಮ ಬಳಗದ ಸಾವಿನ ಸುದ್ದಿಗಳನ್ನೆಲ್ಲ ಮುಟ್ಟಿಸುತ್ತಿದ್ದವನು ಮುತ್ಯಾನೇ. ಸತ್ತವರನ್ನು ಮಣ್ಣು ಮಾಡುವವರೆಗೆ ಹತ್ತಿರದವರು ಅನ್ನ ಮುಟ್ಟುವುದಿಲ್ಲ, ಆದ್ದರಿಂದ ಸುದ್ದಿ ತಂದವನು ಬಾಗಿಲಲ್ಲಿ ಮೊದಲು "ಊಟ ಆತೇನ್ರಿ?" ಎಂದು ಕೇಳಬೇಕು, ಆಗದಿದ್ದರೆ ಏನಾದರೂ ನೆಪ ಹೇಳಿ ಉಣಿಸಬೇಕು, ಆಮೇಲೆ ಬಾಯಿ ಬಿಡಬೇಕು. ಇದು ಅವನು ಎಂದೂ ತಪ್ಪದ ಕ್ರಮ. ಬಸ್ಸಿನಲ್ಲಿ ಯಾರನ್ನಾದರೂ ಕರೆದೊಯ್ಯುವುದಿದ್ದರೆ ಸುದ್ದಿಯನ್ನು ಕಂತುಗಳಲ್ಲಿ ಕೊಡುತ್ತಿದ್ದ. ಸಿಂದಗಿಯಲ್ಲಿ ಹತ್ತುವಾಗ ಬರೀ ಜ್ವರ. ದೇವರ ಹಿಪ್ಪರಗಿ ಬರುವಷ್ಟರಲ್ಲಿ ದವಾಖಾನೆ. ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿ, "ಡಾಕ್ಟರು ಕೈ ಚೆಲ್ಯಾರಂತ". ಮುದ್ದೇಬಿಹಾಳದಲ್ಲಿ ಇಳಿಯುವಾಗ ಹೇಳುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ, ಹೆಗಲ ಮೇಲೆ ಅವನ ಕೈ ಮಾತ್ರ ಇರುತ್ತಿತ್ತು.

ಇಷ್ಟು ಹೆಸರು ಮಾಡಿದ್ದರ ಫಲವನ್ನು ಅವನು ಇಂಡಿಯಲ್ಲಿ ಉಂಡ, ಅಥವಾ ಉಣ್ಣಲಿಲ್ಲ ಎನ್ನಬೇಕು. ಲಿಂಬೆ ಸಸಿ ತರಲು ಹೋದವನು ಹಸಿದು ಬೀಗರ ಮನೆಯ ಕಟ್ಟೆಯ ಮೇಲೆ ಕೂತು, ತನಗೂ ಒಂದು ತಾಟು ಬರಲಿ ಎಂಬ ಆಸೆಯಿಂದ, "ಊಟ ಆತೇನವಾ?" ಎಂದುಬಿಟ್ಟ. ಮನೆಯೊಡತಿ ಕೈಯಲ್ಲಿದ್ದ ಮೊರ ಕೆಳಗೆ ಹಾಕಿ, "ಅಯ್ಯಯ್ಯೋ, ಯಾರ್ ಹೋದ್ರೋ ಕಾಕಾ!" ಎಂದು ಎದೆ ಬಡಿದುಕೊಂಡಳು. ಓಣಿ ಕೂಡಿತು. ಎಲ್ಲರೂ ಬದುಕಿದ್ದಾರೆಂದು ಆಣೆ ಮಾಡಿ ನಂಬಿಸುವಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತಾಯಿತು. ಮುತ್ಯಾ ಹಸಿದೇ ಮರಳಿದ. "ಯಾರರೆ ಸತ್ತಿದ್ರ ಉಣ್ಣಸತಿದ್ನಿ, ಸಾಯಲಿಲ್ಲ ಅಂತ ನಾ ಉಪಾಸ!" ಎಂದು ಈ ಕಥೆಯನ್ನು ಅವನೇ ಹೇಳಿ ನಗುತ್ತಿದ್ದ. ನನ್ನ ದಿನಚರಿಗಳ ಪ್ರಕಾರ ನನಗೇ ಹನ್ನೊಂದು ಸಲ ಹೇಳಿದ್ದಾನೆ.

ಅವನು ಹೋದ ಮೇಲೆ ಆ ಕೆಲಸ ಒಂದು ಮಧ್ಯಾಹ್ನ ನನ್ನ ಪಾಲಿಗೆ ಬಂತು. ನಾನು ಕ್ಲಾಸಿನಿಂದ ಆಗಷ್ಟೇ ಬಂದಿದ್ದೆ, ಗಂಟೆ ನಾಲ್ಕು. ಹೊಲದಿಂದ ಅಪ್ಪನ ಫೋನು. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಮುದ್ದೇಬಿಹಾಳದ ಸಣ್ಣಾಯಿ, ಅಂದರೆ ನನ್ನ ಅಜ್ಜಿ ಆಯಿಯ ಬೆನ್ನಿಗೆ ಹುಟ್ಟಿದ ತಂಗಿ, ತೀರಿಕೊಂಡಿದ್ದಳು. "ನಾ ಗಾಡಿ ಮಾಡ್ಕೊಂಡು ಬರ್ತೇನಿ. ಅಷ್ಟರಾಗ ಆಯಿಗೆ ಏನರೆ ಉಣಸು. ಉಂಡ ಮ್ಯಾಲೇ ಹೇಳು" ಎಂದ. ಆಯಿಗೆ ಸಕ್ಕರೆ ಕಾಯಿಲೆ, ಮಣ್ಣು ಮರುದಿನ. ಅಲ್ಲಿಯವರೆಗೆ ಬರಿಹೊಟ್ಟೆಯಲ್ಲಿ ಕೂತರೆ ಅವಳೇ ಉಳಿಯುವುದು ಕಷ್ಟವಿತ್ತು. ನನ್ನ ಚೀಲದಲ್ಲಿ ಅಪಾಯ ತಗ್ಗಿಸುವ ಮೂವತ್ತೇಳು ಜೋಡಿಗಳಿದ್ದವು. ಬಾಯಿಗೆ ಬಂದದ್ದು ಮುತ್ಯಾನ ಒಂದೇ ಮಾತು.

"ಆಯಿ, ಊಟ ಆತೇನು?"

ಅಕ್ಕಿ ಆರಿಸುತ್ತಿದ್ದ ಆಯಿಯ ಬೆರಳು ನಿಂತವು. "ಇವತ್ತ ಸೋಮವಾರ. ನಂದು ಒಪ್ಪತ್ತು. ರಾತ್ರಿಗೇ ಉಣ್ಣತೇನಿ ಅಂತ ನಿನಗ ಗೊತ್ತಿಲ್ಲೇನು?"

ಪ್ರತಿ ಪುಟಕ್ಕೂ ವಾರ ಬರೆಯುವವಳು ವಾರವನ್ನೇ ಮರೆತಿದ್ದೆ. ಆಯಿ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಫೋನು ನೋಡಿದಳು. ಐವತ್ತು ವರ್ಷ ಮುತ್ಯಾನ ಜೊತೆ ಬಾಳಿದವಳಿಗೆ ಆ ಪ್ರಶ್ನೆಯ ಅರ್ಥ ತಿಳಿಯದೇ ಇದ್ದೀತೆ? ಯಾರು ಎಂದು ಕೇಳುತ್ತಾಳೆಂದು ಕಾದೆ.

"ನೀ ಉಂಡೀಯೇನು?" ಎಂದಳು.

"ಇಲ್ಲ, ಆಯಿ."

"ಹಂಗಾರ ಕೈ ತೊಳಕೊಂಡು ಬಾ. ಇಬ್ಬರೂ ಕೂಡೇ ಉಣ್ಣೂನು. ಆಮ್ಯಾಲೆ ಹೇಳುವಂತಿ."

ನನಗೆ ನೆನಪಿರುವಾಗಿನಿಂದ ಮುರಿಯದ ಒಪ್ಪತ್ತನ್ನು ಅವಳು ತಾನೇ ಮುರಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ನಾನು ತುತ್ತನ್ನು ತಾಟಿನಲ್ಲೇ ಹೊರಳಿಸುತ್ತಿದ್ದಾಗ "ನೀರು ಕುಡಿ" ಎಂದಳು, ಇನ್ನೊಂದು ರೊಟ್ಟಿ ಹಾಕಿದಳು. ಅಳು ಬಾರದಿರಲೆಂದು ನಾನು ರೊಟ್ಟಿ ಎಣಿಸುತ್ತ ಕೂತೆ. ತಾಟು ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತ ಮೇಲೆಯೇ ಅವಳು ಕೇಳಿದ್ದು: "ಈಗ ಹೇಳು. ಮುದ್ದೇಬಿಹಾಳದಾಕಿ ಏನು?"

ಹೌದೆಂದೆ. ಪೆಟ್ಟು ಮೆತ್ತಗೇನೂ ಆಗಲಿಲ್ಲ. ಆದರೆ ಅದನ್ನು ತಾಳಿಕೊಳ್ಳುವಷ್ಟು ಅನ್ನ ಇಬ್ಬರ ಹೊಟ್ಟೆಯಲ್ಲೂ ಇತ್ತು.

ಆ ವಾರವೇ ನೋಟುಬುಕ್ಕಿನಲ್ಲಿ 'ಸಾಫನ್ ದಿ ಬ್ಲೋ' ಎದುರಿನ ಖಾಲಿ ಖಾನೆಯನ್ನು ತುಂಬಿದೆ: 'ಸೋಮವಾರ. ಆಯಿ, ಒಂದೂವರೆ ರೊಟ್ಟಿ. ನಾನು, ಎರಡು.' ಸರ್ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಹಾಕಿದ್ದಾರೆ. ಉಳಿದ ಮೂವತ್ತಾರರಲ್ಲಿ ತಪ್ಪಿದ್ದ ಒಂಬತ್ತನ್ನು ತಿದ್ದಿ ಬರೆದಿದ್ದೇನೆ. ಇದೊಂದನ್ನು ತಿದ್ದಿಲ್ಲ.