ಅನಾನಸ್ ಸಿಪ್ಪೆಗೆ ಬಂದ ಸಲಗ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಬಂಗಾರಪೇಟೆ ಕಡೆಯ ಕಾಡಿಗೆ ವಲಯ ಅರಣ್ಯಾಧಿಕಾರಿಯಾಗಿ ಬಂದೆ. ನಿವೃತ್ತಿಗೆ ಮುಂಚಿನ ಕೊನೆಯ ಹುದ್ದೆ ಅದು. ಬೂದಿಕೋಟೆಯಿಂದಾಚೆಗೆ ನಮ್ಮ ಕಾಡು ರಾಜ್ಯದ ಗಡಿಯಾಚೆಯ ಕಾಡಿಗೆ ಅಂಟಿಕೊಂಡಿದೆ. ರಾಗಿ ತೆನೆ ಬಲಿಯುವಾಗ ಆನೆಗಳು ಬರುತ್ತವೆ, ಕಟಾವು ಮುಗಿದರೆ ಹಿಂದಿರುಗುತ್ತವೆ. ಪಟಾಕಿ ಸಿಡಿಸಿ ಅವನ್ನು ಹೊಲದಿಂದ ಅಟ್ಟುವುದು ನಮ್ಮ ವಾಚರ್‌ಗಳ ಕೆಲಸ.

ಆ ವರ್ಷ ಕಾಡಂಚಿನ ಹಳ್ಳಿಯೊಂದರ ಪಕ್ಕದ ಖಾಸಗಿ ಜಮೀನಿನಲ್ಲಿ ಒಂದು ಕ್ಯಾಂಪ್ ಶುರುವಾಯಿತು. ಗೇಟಿನ ಮೇಲೆ ‘ಪರಿಸರ ಪ್ರವಾಸೋದ್ಯಮ’ ಎಂಬ ಬೋರ್ಡು. ಬಂದವರನ್ನು ಬೆಳಿಗ್ಗೆ ಚಿನ್ನದ ಗಣಿಗಳಿದ್ದ ಊರಿಗಾಂಗೆ ಕರೆದೊಯ್ದು ಹಳೆಯ ಗಣಿ ಕಂಪನಿಯ ಕಟ್ಟಡಗಳನ್ನೂ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳನ್ನೂ ತೋರಿಸುತ್ತಿದ್ದರು. ಸಂಜೆ ಕಾಡುಪ್ರಾಣಿಗಳು ನೀರಿಗಿಳಿಯುವ ಕುಂಟೆಯ ಎದುರಿನ ಅಟ್ಟಣಿಗೆ ಮೇಲೆ ಕೂರಿಸಿ ಆನೆ ತೋರಿಸುತ್ತಿದ್ದರು. ಕ್ಯಾಂಪಿನಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಉರಿಯುತ್ತಿದ್ದದ್ದು ಸೋಲಾರ್ ದೀಪ. ಕೆಲಸವೂ ಊರವರಿಗೇ. ಅಲ್ಲಿಯವರೆಗೆ ಕೂಲಿಗೆಂದು ದಿನವೂ ಬೆಂಗಳೂರಿನ ರೈಲು ಹತ್ತುತ್ತಿದ್ದ ಮುನಿರಾಜುವಿಗೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅವನ ಹೆಂಡತಿ ರತ್ನಮ್ಮ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಂದು ಆಕೆ ನನ್ನೆದುರೇ ಹಿಗ್ಗಿದ್ದುಂಟು.

ಕಟಾವು ಮುಗಿದು ಹಿಂಡೆಲ್ಲ ಗಡಿ ದಾಟಿತು. ಒಂದು ಒಂಟಿ ಸಲಗ ಮಾತ್ರ ಉಳಿಯಿತು. ಅಟ್ಟಿದರೆ ಹೋಗುತ್ತಿತ್ತು, ಮರುದಿನವೇ ಕುಂಟೆಗೆ ವಾಪಸು. ಹೊಲದಲ್ಲಿ ತಿನ್ನಲು ಏನೂ ಇಲ್ಲದಿರುವಾಗ ಅದೇಕೆ ನಿಂತಿದೆ ಎಂಬುದು ನಮಗೆ ತಿಳಿಯಲಿಲ್ಲ.

ಒಂದು ಮುಂಜಾನೆ ಹಾಲಿನ ಕ್ಯಾನು ಹಿಡಿದು ಕುಂಟೆಯ ಏರಿ ಮೇಲೆ ಹೋಗುತ್ತಿದ್ದ ರತ್ನಮ್ಮನನ್ನು ಸಲಗ ತುಳಿದು ಕೊಂದಿತು.

ನಾನು ಹೋದಾಗ ಜನ ರಸ್ತೆಗೆ ಕಲ್ಲಡ್ಡ ಇಟ್ಟು ಕೂತಿದ್ದರು. ಹೆಣದ ಮೇಲೆ ಯಾರೋ ಸೀರೆ ಹೊದಿಸಿದ್ದರು. ಚೆಲ್ಲಿದ ಹಾಲಿಗೆ ಇರುವೆ ಮುತ್ತಿತ್ತು. ಸ್ಥಳ ನೋಡಿ ಕಂಡದ್ದನ್ನು ಬರೆದಿಡುವ ಮಹಜರು ನಡೆಸುವಾಗ ಆನೆಯ ಲದ್ದಿ ಕೆದಕಿಸಿದೆ. ಅದರಲ್ಲಿ ಅನಾನಸ್ ಸಿಪ್ಪೆ ಇತ್ತು. ನಮ್ಮ ಸೀಮೆಯಲ್ಲಿ ಅನಾನಸ್ ಬೆಳೆಯುವವರಿಲ್ಲ. ಕ್ಯಾಂಪಿನ ಮ್ಯಾನೇಜರ್‌ನನ್ನು ಕೇಳಿದೆ. “ಎಲ್ಲಿಂದಲೋ ತಿಂದು ಬಂದಿರಬೇಕು ಮೇಡಂ,” ಎಂದ.

ಹಾಲುತುಪ್ಪದ ಕಾರ್ಯ ಮುಗಿದ ಮರುದಿನ ಮುನಿರಾಜು ಬಂಗಾರಪೇಟೆಯ ನನ್ನ ಕಚೇರಿಗೆ ಬಂದ. ಕೂರೆಂದರೂ ಕೂರಲಿಲ್ಲ.

“ನಾನೇ ಆಕ್ತಿದ್ದೆ ಮೇಡಂ. ಗೆಸ್ಟು ಬಂದ ದಿನ ಅಣ್ಣಿನ ಸಿಪ್ಪೆ, ಉಪ್ಪು ಎಲ್ಲಾ ಕುಂಟೆ ತಾವ ಸುರಿ ಅಂತ ಮ್ಯಾನೇಜರು ಯೇಳ್ತಿದ್ರು. ಆನೆ ಕಾಣ್ದಿದ್ರೆ ಗೆಸ್ಟು ಬೇಜಾರ್ ಮಾಡ್ಕತಾರೆ ಅಂತ. ನಮ್ಮೋಳು ಬ್ಯಾಡ ಅಂದಿದ್ಲು. ನಾನೇ ಕೇಳ್ಲಿಲ್ಲ.”

ಕಾಡುಪ್ರಾಣಿಗೆ ಹೀಗೆ ತಿನಿಸು ಹಾಕಿ ಕರೆಯುವುದು ಅಪರಾಧ. ಹೇಳಿಕೆ ಬರೆದುಕೊಂಡರೆ ಕೇಸು ಅವನ ಮೇಲೂ ಬೀಳುತ್ತದೆಂದು ವಿವರಿಸಿದೆ.

“ಬೀಳ್ಲಿ, ಬರ್ಕಳಿ. ಇನ್ನೊಬ್ಬ್ರ ಮನೇಲಿ ಇಂಗಾಗ್ಬಾರ್ದು,” ಎಂದ.

ಬರೆದುಕೊಂಡೆ. ಓದಿ ಹೇಳಿದ ಮೇಲೆ ಅವನು ಸಹಿ ಹಾಕಿದ.

ಕ್ಯಾಂಪ್ ಮುಚ್ಚಿತು. ಮುನಿರಾಜು ಕೋರ್ಟಿಗೆ ಅಲೆದ. ಕೆಲಸ ಕಳೆದುಕೊಂಡ ಊರವರು ಅವನೊಡನೆ ಮಾತು ಬಿಟ್ಟರು. “ಸತ್ತೋಳು ಎದ್ದು ಬರ್ತಾಳಾ? ನಮ್ ಒಟ್ಟೆ ಮೇಲೆ ಯಾಕ್ಲಾ ಒಡ್ದೆ?” ಎಂದು ಅವನ ಸ್ವಂತ ಅಣ್ಣನೇ ನನ್ನೆದುರು ಕೇಳಿದ.

ಸಲಗಕ್ಕೆ ಇದೊಂದೂ ತಿಳಿಯದು. ಕುಂಟೆಯಲ್ಲಿ ಹಣ್ಣು ಸಿಗದಾದಾಗ ಅದು ಮನೆಗಳ ಹಿತ್ತಿಲಿಗೆ ನುಗ್ಗಿ ಅಡುಗೆಮನೆಯ ಗೋಡೆ ಕೆಡವತೊಡಗಿತು. ಕೊನೆಗೆ ಅರಿವಳಿಕೆ ಚುಚ್ಚಿ, ಹಗ್ಗ ಬಿಗಿದು, ಸಾಕಾನೆಗಳ ನೆರವಿನಿಂದ ಲಾರಿಗೆ ಹತ್ತಿಸಿದೆವು. ದೂರದ ಆನೆ ಶಿಬಿರದಲ್ಲಿ ಅದು ಈಗಲೂ ಸರಪಳಿಯಲ್ಲಿದೆ. ಲಾರಿ ಹೊರಟಾಗ ಜನ ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು.

ನಿಸರ್ಗ ಕೆಡಬಾರದು, ಸ್ಥಳೀಯರಿಗೆ ಬದುಕು ಸಿಗಬೇಕು, ಬಂದವರು ಏನಾದರೂ ಕಲಿತು ಹೋಗಬೇಕು: ತರಬೇತಿಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ನಮಗೆ ಕೊಟ್ಟ ಅರ್ಥ ಇದು. ನಾವು ನೋಡಲು ಬಂದೆವೆಂದು ಪ್ರಾಣಿ ತನ್ನ ದಾರಿ ಬದಲಿಸಬಾರದು ಎಂಬುದನ್ನು ನಾನು ಕಲಿತದ್ದು ಆ ಏರಿಯ ಮೇಲೆ. ಆಮೇಲೆ ನಿವೃತ್ತಿಯವರೆಗೂ ಯಾರೇ ಇಂಥ ಯೋಜನೆ ಹಿಡಿದು ಬಂದರೂ ಸೋಲಾರ್, ಪ್ಲಾಸ್ಟಿಕ್ಕಿನ ಮಾತಿಗೆ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಆನೆ ಬಾರದ ದಿನ ಬಂದವರಿಗೆ ಏನು ಹೇಳುತ್ತೀರಿ?”

ಬಹುಪಾಲು ಜನ ನಕ್ಕು, “ಬರೋ ಹಾಗೆ ಮಾಡೋಣ ಬಿಡಿ ಮೇಡಂ,” ಎನ್ನುತ್ತಿದ್ದರು.